ಕೊಪ್ಪಳದ ಕಡೆ ಹೊಲದ ಊಟ ಉಣ್ಣಬೇಕು: ಎಲ್ಲಿ, ಯಾವ ಹೊತ್ತಿಗೆ, ಹೇಗೆ?

ಕಬ್ಬಿನ_ಹಾದಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ. ಸಂಕ್ರಾಂತಿ ಮುಗಿದ ಮೇಲೆ ಒಂದು ಶುಕ್ರವಾರ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಕೊಪ್ಪಳಕ್ಕೆ ಬರೋಣ ಅಂತ ಇದ್ದೇವೆ. ಭಾನುವಾರ ರಾತ್ರಿ ವಾಪಸ್. ಅತ್ತೆ, ನಾನು, ನನ್ನ ಗಂಡ, ಇಬ್ಬರು ಮಕ್ಕಳು. ಹಂಪಿ ಮೊದಲೇ ನೋಡಿದ್ದೇವೆ. ಈ ಸಲ ಬರುತ್ತಿರುವುದು ಊಟಕ್ಕೆ, ಅಷ್ಟೇ.

ಹಿಂದಿನ ಸಲ ನದಿ ದಂಡೆಯ ಒಂದು ರೆಸಾರ್ಟ್‌ನಲ್ಲಿ ಉತ್ತರ ಕರ್ನಾಟಕ ಊಟ ಅಂತ ಬಡಿಸಿದರು. ರೊಟ್ಟಿ ಯಾವತ್ತೋ ಮಾಡಿಟ್ಟಿದ್ದು, ಬಾಯಿಗಿಟ್ಟರೆ ಪುಡಿಪುಡಿ. ಎಣ್ಣೆಗಾಯಿಗೆ ಗೋಡಂಬಿ ಅರೆದು ಹಾಕಿದ್ದರು, ಸಿಹಿ ಸಿಹಿ. ಹೊಲಕ್ಕೆ ದುಡಿಯಲು ಹೋಗುವವರು ಇದನ್ನು ತಿಂದು ಹೇಗೆ ಗೇಯುತ್ತಾರೆ ಅಂತ ಅತ್ತೆ ಕೇಳಿದರು. ಅವರು ರಾಗಿಮುದ್ದೆ ತಿಂದು ಗದ್ದೆ ಕೆಲಸ ಮಾಡಿ ಬೆಳೆದವರು. ರೈತರ ಮನೆಯ ಊಟ ಹೇಗಿರಬೇಕು ಅಂತ ಅವರಿಗೆ ಗೊತ್ತು.

ನಮಗೆ ಬೇಕಿರುವುದು ಆ ನಿಜವಾದ ಊಟ. ಎಲ್ಲಿಗೆ ಬರಬೇಕು? ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಖಾರ ಜಾಸ್ತಿ ಆಗಲ್ಲ. ಅದನ್ನೂ ಮನಸ್ಸಲ್ಲಿಟ್ಟು ಹೇಳಿ.

ಎರೆಹೊಲ

ಅಕ್ಕಾರೆ, ಬನ್ನಿ. ಊಟಕ್ಕೆಂದೇ ಬರುತ್ತೇವೆ ಅಂದದ್ದು ಓದಿ ಬಹಳ ಖುಷಿಯಾಯಿತು. ನಮ್ಮದು ಯಲಬುರ್ಗಾ ಕಡೆ. ಮಳೆ ನಂಬಿದ ಬೇಸಾಯ.

ಯಾವ ಹೋಟೆಲ್ ಅಂತ ಕೇಳುವ ಮೊದಲು ಯಾವ ನೆಲ ಅಂತ ನೋಡಿ. ಊಟದ ಲೆಕ್ಕದಲ್ಲಿ ಕೊಪ್ಪಳ ಒಂದು ಜಿಲ್ಲೆ ಅಲ್ಲ, ಎರಡು. 1953ರಲ್ಲಿ ಮುನಿರಾಬಾದ್ ಹತ್ತಿರ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆ ಹರಿದ ಕಡೆಯೆಲ್ಲ, ಅಂದರೆ ಗಂಗಾವತಿ, ಕಾರಟಗಿ, ಆಚೆ ರಾಯಚೂರು ಜಿಲ್ಲೆಯ ಸಿಂಧನೂರು, ಇವೆಲ್ಲ ಭತ್ತದ ಸೀಮೆಯಾದವು. ಹಂಪಿಗೆ ಬಂದವರು ನದಿ ದಾಟಿ ನೋಡುವ ಆನೆಗೊಂದಿ, ಸಾಣಾಪುರ ಎಲ್ಲವೂ ಭತ್ತ ಮತ್ತು ಬಾಳೆ. ಅಲ್ಲಿ ಕೂತು ಜೋಳದ ಹೊಲ ಎಲ್ಲಿ ಅಂತ ಹುಡುಕಿದರೆ ಕಾಣುವುದು ಕಷ್ಟ.

ಕಾಲುವೆ ಮುಟ್ಟದ ಕಡೆ ಬೇರೆಯೇ ಲೋಕ. ಯಲಬುರ್ಗಾ, ಕುಕನೂರು ಕಡೆ ಎರೆಭೂಮಿ. ಕಪ್ಪು ಮಣ್ಣು, ನೀರು ಹಿಡಿದಿಟ್ಟುಕೊಳ್ಳುತ್ತದೆ. ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಬಿಳಿಜೋಳ ಮತ್ತು ಕಡಲೆ. ಕುಷ್ಟಗಿ ಕಡೆ ಮಸಾರಿ ಜಾಸ್ತಿ, ಕೆಂಪು ನೆಲ. ಅಲ್ಲಿ ಸಜ್ಜೆ ಚೆನ್ನಾಗಿ ಬರುತ್ತದೆ. ಬಿಳಿಜೋಳವನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತುತ್ತೇವೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ನೆಲದ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಬೆಳೆಯುತ್ತದೆ. ಆ ಜೋಳದ ರೊಟ್ಟಿಗೆ ಇರುವ ರುಚಿ ಮುಂಗಾರಿ ಹೈಬ್ರಿಡ್ ಜೋಳಕ್ಕೆ ಬರುವುದಿಲ್ಲ. ನೀವು ರೆಸಾರ್ಟ್‌ನಲ್ಲಿ ತಿಂದದ್ದು ಯಾವ ಜೋಳವೋ ಏನೋ.

ಬರುವ ಕಾಲ ಸರಿಯಾಗಿಯೇ ಆರಿಸಿದ್ದೀರಿ. ಸಂಕ್ರಾಂತಿ ಆದಮೇಲೆ ತಡವಾಗಿ ಬಿತ್ತಿದ ಹೊಲಗಳಲ್ಲಿ ಸೀತನಿ ಇನ್ನೂ ಸಿಗುತ್ತದೆ. ಸೀತನಿಗೆ ಅಂತಲೇ ಮೆತ್ತನೆ ಕಾಳಿನ ಜೋಳವನ್ನು ಹೊಲದಲ್ಲಿ ಕೆಲವು ಸಾಲು ಹಾಕಿರುತ್ತಾರೆ. ಕಾಳು ಹಸಿರಾಗಿ ಹಾಲು ತುಂಬಿ ಗಟ್ಟಿಯಾಗುವ ಮುಂಚೆ ತೆನೆ ಮುರಿದು, ಕುಳ್ಳಿನ (ಬೆರಣಿಯ) ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಿ ಕಾಳು ಬಿಡಿಸುತ್ತಾರೆ. ಹೊಟ್ಟು ಊದಿ, ಬೆಲ್ಲದ ಜೊತೆಗೋ ಶೇಂಗಾ ಚಟ್ನಿ ಜೊತೆಗೋ ತಿನ್ನುವುದು. ಇದು ಯಾವ ಹೋಟೆಲ್‌ನಲ್ಲೂ ಸಿಗುವುದಿಲ್ಲ. ಕೆಂಡದ ಮುಂದೆ ಕೂತೇ ತಿನ್ನಬೇಕು, ಆರಿದರೆ ಸೊಗಸು ಹೋಯಿತು. ಹಸಿ ಕಡಲೆಯನ್ನು (ಶೇಂಗಾ ಅಲ್ಲ, ಬೇಳೆ ಮಾಡುವ ಕಡಲೆ) ಗಿಡ ಸಮೇತ ಸುಟ್ಟು ತಿನ್ನುವುದೂ ಇದೇ ಕಾಲಕ್ಕೆ. ಕಡಲೆ ಕುಡಿ ಚಿವುಟುವ ದಿನ ಮಾತ್ರ ಮುಗಿದಿರುತ್ತದೆ. ಆದರೆ ಒಣಗಿಸಿಟ್ಟ ಕಡಲೆ ಸೊಪ್ಪಿನ ಪಲ್ಯ ಮನೆಗಳಲ್ಲಿ ಇದ್ದೇ ಇರುತ್ತದೆ, ಕೇಳಿ ಹಾಕಿಸಿಕೊಳ್ಳಿ. ಅದರ ಹುಳಿ ಬೇರೆ ಯಾವ ಸೊಪ್ಪಿಗೂ ಇಲ್ಲ.

ಕೊಪ್ಪಳದಲ್ಲಿ ಉಳಿದುಕೊಳ್ಳಿ. ಒಂದು ದಿನ ಕುಕನೂರು ಕಡೆ ಹೋಗಿ. ಹಾದಿಯಲ್ಲಿ ಇಟಗಿಯ ಮಹಾದೇವ ಗುಡಿ ನೋಡಬಹುದು. 1112ರಲ್ಲಿ ಕಟ್ಟಿದ್ದು, ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಗುಡಿಯ ಸುತ್ತ ಹೊಲಗಳೇ ಇವೆ.

ಗಂಗಾವತಿ_ಸೋನಾ

ಎರೆಹೊಲ ಅಣ್ಣಾರೆ, ನೀವು ಹೇಳಿದ್ದು ಹೆಚ್ಚುಕಡಿಮೆ ನಿಜ. ಆದರೆ ಕಾಲುವೆ ಸೀಮೆಯಲ್ಲಿ ಹೊಲದ ಊಟವೇ ಇಲ್ಲ ಅನ್ನುವ ಹಾಗೆ ಬರೆದದ್ದು ಒಪ್ಪಲಾಗುವುದಿಲ್ಲ.

ನಮ್ಮ ಮನೆಯಲ್ಲಿ ಭತ್ತ ಬೆಳೆಯುತ್ತೇವೆ, ಮಾರುತ್ತೇವೆ. ಉಣ್ಣುವುದು ಮಾತ್ರ ರೊಟ್ಟಿ. ಜೋಳ ಕುಷ್ಟಗಿ ಕಡೆಯ ಬೀಗರ ಮನೆಯಿಂದ ಬರುತ್ತದೆ, ನಾವು ಅವರಿಗೆ ಅಕ್ಕಿ ಕಳಿಸುತ್ತೇವೆ. ಹಿಂಗೆ ನಡೆಯುವ ಮನೆಗಳು ಇಲ್ಲಿ ಬಹಳ ಇವೆ. ಇನ್ನು ಕ್ಯಾಂಪ್‌ಗಳ ಊಟ ಬೇರೆ. ನೀರು ಬಂದಮೇಲೆ ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದ ರೈತರ ಊರುಗಳು ಅವು. ಅಲ್ಲಿ ಮೂರು ಹೊತ್ತೂ ಅನ್ನ, ಪಪ್ಪು, ಉಪ್ಪಿನಕಾಯಿ, ಗೊಂಗೂರ. ನಮ್ಮ ಪುಂಡಿಸೊಪ್ಪೇ ಅಲ್ಲಿ ಹೋಗಿ ಖಾರದ ಪಚ್ಚಡಿ ಆಗುತ್ತದೆ. ಅದೂ ರೈತರ ಊಟವೇ ಅಲ್ವಾ? ಹೊಲದಲ್ಲಿ ದುಡಿದು ತಿನ್ನುವುದೆಲ್ಲ ಹೊಲದ ಊಟವೇ.

ಬೇಸಿಗೆ ಬೆಳೆಗೆ ನೀರು ಬಿಟ್ಟ ವರ್ಷ ಜನವರಿಯಲ್ಲಿ ನಾಟಿ ನಡೆಯುತ್ತದೆ. ನಾಟಿಗೆ ಬಂದ ಹೆಣ್ಣುಮಕ್ಕಳು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವುದನ್ನು ನೋಡಬೇಕು. ಒಬ್ಬೊಬ್ಬರ ಗಂಟಿನಲ್ಲಿ ಒಂದೊಂದು ಪಲ್ಯ. ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ.

ಎರೆಹೊಲ

ಒಪ್ಪಿದೆ. ಭತ್ತದ ಕಡೆ ಊಟ ಇಲ್ಲ ಅಂತ ಹೇಳುವ ಮನಸ್ಸು ನನ್ನದಲ್ಲ. ಅಕ್ಕಾರು ರೊಟ್ಟಿ ಕೇಳಿದರು, ಇರುವುದು ಎರಡೇ ದಿನ. ಅದಕ್ಕೆ ಜೋಳ ಕಣ್ಣಿಗೆ ಕಾಣುವ ಕಡೆಗೇ ಕಳಿಸಿದೆ.

ರೊಟ್ಟಿಬುಟ್ಟಿ

ನಾನು ಕುಕನೂರು ಹತ್ತಿರದವಳು. ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತೇನೆ. ರೆಸಾರ್ಟ್ ರೊಟ್ಟಿ ಪುಡಿಪುಡಿ ಆಯಿತು ಅಂತ ಅಕ್ಕ ಬರೆದಿದ್ದಾರೆ, ಅದಕ್ಕೆ ಕಾರಣ ಹೇಳುತ್ತೇನೆ.

ಗೋಧಿಗೆ ಇರುವ ಅಂಟು ಜೋಳಕ್ಕೆ ಇಲ್ಲ. ಕುದಿಯುವ ನೀರು ಬಿದ್ದಾಗಲೇ ಹಿಟ್ಟಿಗೆ ಜಿಗಿ ಬರುವುದು. ಪರಾತದಲ್ಲಿ ಹಿಟ್ಟಿನ ನಡುವೆ ಎಸರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಅಂಗೈ ಒತ್ತಿ ಚೆನ್ನಾಗಿ ನಾದಬೇಕು. ಬೀಸಿ ಬಹಳ ದಿನವಾದ ಹಿಟ್ಟಿಗೆ ಎಷ್ಟು ನಾದಿದರೂ ಜಿಗಿ ಬರುವುದಿಲ್ಲ. ಬಡಿಯುವಾಗಲೇ ಅಂಚು ಸೀಳುತ್ತದೆ. ಹಂಚಿನ ಮೇಲೆ ಹಾಕಿದ ಕೂಡಲೇ ಮೇಲಿನ ಒಣ ಹಿಟ್ಟು ಹೋಗುವಂತೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ನೀರು ಆರುವ ಹೊತ್ತಿಗೆ ತಿರುವಿ ಹಾಕಬೇಕು. ಕೊನೆಗೆ ಒಲೆಯ ಬೆಂಕಿಗೆ ಒಡ್ಡಿದರೆ ಪೂರ್ತಿ ಉಬ್ಬುತ್ತದೆ. ಈ ಕೆಲಸದಲ್ಲಿ ಯಾವ ಹಂತದಲ್ಲೂ ಕೈ ನಿಲ್ಲಿಸುವ ಹಾಗಿಲ್ಲ.

ಬಿಸಿ ರೊಟ್ಟಿ ಬೇರೆ, ಖಡಕ್ ರೊಟ್ಟಿ ಬೇರೆ. ಖಡಕ್ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಇಡುವುದು. ಅದು ದಿನಗಟ್ಟಲೆ ಇರಲಿ ಅಂತಲೇ ಮಾಡುವುದು, ಅದಕ್ಕೆ ಅದರದೇ ರುಚಿ ಇದೆ. ಮೊಸರು, ಗುರೆಳ್ಳು (ಹುಚ್ಚೆಳ್ಳು) ಚಟ್ನಿ, ಹಸಿ ಉಳ್ಳಾಗಡ್ಡಿ ಇದ್ದರೆ ಖಡಕ್ ರೊಟ್ಟಿಯೇ ಚಂದ. ನಿಮಗೆ ಕೊಟ್ಟದ್ದು ಮಾತ್ರ ಎರಡೂ ಅಲ್ಲ ಅನ್ನಿಸುತ್ತದೆ. ಬಿಸಿ ರೊಟ್ಟಿಯನ್ನು ಬೆಳಿಗ್ಗೆ ಮಾಡಿ, ಮಧ್ಯಾಹ್ನ ಮತ್ತೆ ಕಾಯಿಸಿ ಕೊಟ್ಟಿರಬೇಕು.

ಎಣ್ಣೆಗಾಯಿಗೆ ಗೋಡಂಬಿ ನಾವು ಹಾಕುವುದಿಲ್ಲ. ಜವಾರಿ ಅಂದರೆ ನಾಟಿ ಬದನೆಕಾಯಿ, ಸಣ್ಣವು, ತೊಟ್ಟಿಗೆ ಮುಳ್ಳು ಇರುವಂಥವು. ತೊಟ್ಟು ಬಿಡಿಸದೆ ನಾಲ್ಕು ಸೀಳಿ, ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಮಸಾಲೆ ಖಾರ, ಹುಣಸೆ, ಚೂರು ಬೆಲ್ಲ ಕುಟ್ಟಿ ತುಂಬುತ್ತೇವೆ. ಎಣ್ಣೆ ಧಾರಾಳವಾಗಿ ಬೇಕು. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕಿ ಬೇಯಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಇವತ್ತು ಮಾಡಿದ್ದು ನಾಳೆ ಇನ್ನೂ ಚೆನ್ನಾಗಿರುತ್ತದೆ. ಎಲ್ಲಾದರೂ ನಿನ್ನೆಯ ಪುಂಡಿಪಲ್ಯ ಬಡಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, ಪುಣ್ಯ ಅಂತ ತಿನ್ನಿ.

ಊಟಕ್ಕೆ ಬರುವವರು ಹಿಂದಿನ ದಿನವೇ ಹೇಳಬೇಕು. ಕಾಳು ನೆನೆಹಾಕಬೇಕು, ಮಡಕಿಕಾಳಾದರೆ ಮೊಳಕೆ ಬರಿಸಬೇಕು, ಹಿಟ್ಟು ಬೀಸಿಸಬೇಕು. ಬಾಗಿಲಿಗೆ ಬಂದು ಊಟ ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುವ ಮನೆ ಇಲ್ಲಿ ಇಲ್ಲ. ಆದರೆ ಆಗ ಮನೆಯವರ ಪಾಲಿನದನ್ನು ನಿಮಗೆ ಬಡಿಸುತ್ತಾರೆ.

ಕಬ್ಬಿನ_ಹಾದಿ

ಎಷ್ಟು ಚೆನ್ನಾಗಿ ಹೇಳಿದ್ರಿ ಅಕ್ಕ. ಕುದಿಯುವ ನೀರಿನ ಮಾತು ಅತ್ತೆಗೆ ಓದಿ ಹೇಳಿದೆ. ಮುದ್ದೆಗೂ ಎಸರೇ ಮುಖ್ಯ ಅಂದರು.

ಖಾರದ ಬಗ್ಗೆ ಯಾರಾದರೂ ಹೇಳಿ. ಸಕ್ಕರೆ ಇರುವವರಿಗೆ ರೊಟ್ಟಿ ಎಷ್ಟು ತಿಂದರೂ ಪರವಾಗಿಲ್ವಾ?

ಎರೆಹೊಲ

ಖಾರದ ಚಿಂತೆ ಬೇಡ. ಹೊಲದ ಊಟದಲ್ಲಿ ಪಲ್ಯಕ್ಕೆ ಖಾರ ಹದವಾಗಿಯೇ ಇರುತ್ತದೆ. ಜಾಸ್ತಿ ಖಾರ ಇರುವುದು ಕೆಂಪು ಚಟ್ನಿಯಲ್ಲಿ ಮತ್ತು ಹಸಿಮೆಣಸಿನಕಾಯಿ ಕುಟ್ಟಿದ್ದರಲ್ಲಿ. ಅದನ್ನು ಬದಿಗೆ ಬಡಿಸುತ್ತಾರೆ, ಬೇಡ ಅಂದರೆ ಆಯಿತು. ಹೆಸರುಕಾಳು ಪಲ್ಯ, ಗಟ್ಟಿ ಬೇಳೆ, ಮೊಸರು, ಸೌತೆಕಾಯಿ, ಹಸಿ ಮೆಂತ್ಯೆ ಸೊಪ್ಪು ಇವು ಹಿರಿಯರಿಗೆ ಹಿತ. ಶೇಂಗಾ ಚಟ್ನಿಪುಡಿಗೆ ಗಟ್ಟಿ ಮೊಸರು ಕಲಸಿಕೊಂಡರೆ ಮಕ್ಕಳೂ ತಿನ್ನುತ್ತಾರೆ.

ಸಕ್ಕರೆ ವಿಷಯ ನನಗಿಂತ ಅವರ ಡಾಕ್ಟರಿಗೆ ಗೊತ್ತು. ಜೋಳ ಅಂದಮಾತ್ರಕ್ಕೆ ಸಕ್ಕರೆ ಏರುವುದೇ ಇಲ್ಲ ಅಂತಲ್ಲ, ಅದರಲ್ಲೂ ಪಿಷ್ಟ ಇದೆ. ಎರಡು ರೊಟ್ಟಿ, ಕಾಳು-ಸೊಪ್ಪು ಜಾಸ್ತಿ, ಅನ್ನ ಕಮ್ಮಿ. ನಮ್ಮ ಅವ್ವ ಹಾಗೆಯೇ ಉಣ್ಣುತ್ತಾಳೆ.

ಬಳ್ಳಾರಿ_ಕೋಟೆ_ಕೆಳಗೆ

ಎಲ್ಲರೂ ಮಧ್ಯಾಹ್ನದ ಊಟದ ಬಗ್ಗೆಯೇ ಬರೆದಿರಿ. ಬೆಳಿಗ್ಗೆಯ ನಾಷ್ಟಾ ಯಾರು ಹೇಳುವವರು?

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಬೆಳಗಾದರೆ ಮಂಡಾಳು (ಮಂಡಕ್ಕಿ) ಒಗ್ಗರಣೆ ಮತ್ತು ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ಮಂಡಾಳನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಟೊಮೆಟೊ, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಪುಠಾಣಿ (ಹುರಿಗಡಲೆ) ಪುಡಿ ಉದುರಿಸುತ್ತಾರೆ. ಪಕ್ಕದಲ್ಲಿ ಬಾಣಲೆಯಿಂದ ಈಗಷ್ಟೇ ತೆಗೆದ ಮಿರ್ಚಿ. ಉದ್ದನೆ ಮೆಣಸಿನಕಾಯಿ, ಅಷ್ಟು ಖಾರ ಇರುವುದಿಲ್ಲ. ಹೊಲಕ್ಕೆ ಹೋಗುವವರು, ಗಿರಣಿಗೆ ಹೋಗುವವರು, ಆಫೀಸಿಗೆ ಹೋಗುವವರು ಎಲ್ಲರೂ ಒಂದೇ ಬಂಡಿಯ ಮುಂದೆ ನಿಲ್ಲುತ್ತಾರೆ. ಬೆಳಿಗ್ಗೆ ಏಳರಿಂದ ಹತ್ತರ ಒಳಗೆ ಹೋಗಬೇಕು. ನಿಮ್ಮ ರೈಲು ಬಳ್ಳಾರಿ ದಾಟುವಾಗ ಇನ್ನೂ ಕತ್ತಲು. ಕೊಪ್ಪಳದಲ್ಲಿ ಇಳಿದ ಕೂಡಲೇ ಹುಡುಕಿ, ದೂರ ಹೋಗಬೇಕಾಗಿಲ್ಲ. ಮಂಡಾಳು ಸಂಜೆಯೂ ಸಿಗುತ್ತದೆ, ಆದರೆ ಬೆಳಗಿನದೇ ಬೇರೆ.

ಬಳ್ಳಾರಿಗೆ ಇನ್ನೊಂದು ಸಲ ಬನ್ನಿ. ನಾವು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದವರು, ಕೊಪ್ಪಳ-ರಾಯಚೂರು ನಿಜಾಮನ ಕಡೆ. ಅದು ಊಟದಲ್ಲಿ ಇವತ್ತಿಗೂ ಗೊತ್ತಾಗುತ್ತದೆ. ನಮ್ಮಲ್ಲಿ ಕೆಂಪು ಖಾರ ಸವರಿದ ದೋಸೆ, ತೆಲುಗು ಮನೆಗಳ ಪಪ್ಪು-ಪುಳುಸು. ಹಳ್ಳಿಗೆ ಹೋದರೆ ಮತ್ತೆ ಅದೇ ಜೋಳದ ರೊಟ್ಟಿ, ಜೋಳದ ಸಂಗಟಿ (ಮುದ್ದೆ).

ಮಸ್ಕಿ_ಮಾಸ್ತರ

ರಾಯಚೂರಿನವನಾಗಿ ಹೇಳುತ್ತಿದ್ದೇನೆ: ಈ ಸಲ ರಾಯಚೂರು ಬಿಡಿ. ಎರಡು ದಿನದಲ್ಲಿ ಮೂರು ಜಿಲ್ಲೆ ಓಡಿದರೆ ಉಣ್ಣುವುದಕ್ಕಿಂತ ಬಸ್ಸಿನಲ್ಲಿ ಕೂರುವುದೇ ಜಾಸ್ತಿಯಾಗುತ್ತದೆ. ಹೊಲದ ಊಟ ತಿಂದಮೇಲೆ ಮರದ ನೆರಳಲ್ಲಿ ಸ್ವಲ್ಪ ಹೊತ್ತು ಒರಗಲೂಬೇಕು. ಅದು ಊಟದ ಭಾಗವೇ.

ಮುಂದೆ ಬರುವುದಾದರೆ ಎಳ್ಳಮವಾಸ್ಯೆಗೋ ಶೀಗಿ ಹುಣ್ಣಿಮೆಗೋ ಬನ್ನಿ. ಶೀಗಿ ಹುಣ್ಣಿಮೆ ಅಕ್ಟೋಬರ್ ಹೊತ್ತಿಗೆ, ಎಳ್ಳಮವಾಸ್ಯೆ ಡಿಸೆಂಬರ್-ಜನವರಿಯಲ್ಲಿ. ಆ ದಿನ ಇಡೀ ಊರೇ ಹೊಲಕ್ಕೆ ಹೋಗುತ್ತದೆ. ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳು-ಸೊಪ್ಪು-ತರಕಾರಿ ಎಲ್ಲ ಕೂಡಿಸಿದ ಭಜ್ಜಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕಡುಬು. ಮೊದಲು ಭೂಮಿಗೆ ಪೂಜೆ, ಆಮೇಲೆ ಹೊಲದ ಸುತ್ತ ನಡೆಯುತ್ತ ಚರಗ, ಅಂದರೆ ತಂದ ಅಡುಗೆಯ ನೈವೇದ್ಯ, ಚೆಲ್ಲುವುದು. ಉಣ್ಣುವ ಮೊದಲ ತುತ್ತು ನೆಲಕ್ಕೆ. ಆಮೇಲೆ ಹಾದಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣ್ಣಿಸುತ್ತಾರೆ. ಆವತ್ತು ನಿಮಗೆ ಗುರುತಿನವರು ಯಾರೂ ಬೇಕಾಗಿಲ್ಲ.

ಚರಗದ ಊಟ ಉಂಡವರಿಗೆ ಈ ಅಡುಗೆ ಯಾಕೆ ಹೀಗಿದೆ ಅಂತ ತಿಳಿಯುತ್ತದೆ. ರೊಟ್ಟಿ ಕೆಡುವುದಿಲ್ಲ. ಚಟ್ನಿಪುಡಿ ಕೆಡುವುದಿಲ್ಲ. ಹುಳಿ ಇರುವ ಪಲ್ಯ ಬಿಸಿಲು ತಡೆಯುತ್ತದೆ. ತಟ್ಟೆ ಬೇಕಿಲ್ಲ, ರೊಟ್ಟಿಯ ಮೇಲೇ ಪಲ್ಯ ಹಾಕಿಕೊಂಡು ತಿನ್ನಬಹುದು. ಬೆಳಿಗ್ಗೆ ಕಟ್ಟಿದ ಬುತ್ತಿ ಸಂಜೆವರೆಗೆ ಬರಬೇಕು ಅನ್ನುವ ಲೆಕ್ಕದಲ್ಲೇ ಎಲ್ಲವೂ ಹುಟ್ಟಿದೆ. ನಿಮ್ಮ ಅತ್ತೆ ರೆಸಾರ್ಟ್‌ನಲ್ಲಿ ಕೇಳಿದ ಪ್ರಶ್ನೆ ಬಹಳ ಸರಿಯಾದದ್ದು. ದುಡಿಮೆಯನ್ನು ಬಿಟ್ಟು ಊಟವನ್ನು ಮಾತ್ರ ತಟ್ಟೆಗೆ ತಂದರೆ ಗೋಡಂಬಿ ಬಂದು ಕೂರುತ್ತದೆ.

ಹೊಸಪೇಟೆ_ಹಾದಿ

ಮಾಂಸ ತಿನ್ನುವವರಿಗೆ ಏನಿದೆ? ಇಲ್ಲಿ ಬರೆದದ್ದೆಲ್ಲ ಸಸ್ಯಾಹಾರವೇ ಆಯಿತು.

ಮಸ್ಕಿ_ಮಾಸ್ತರ

ಇದೆ. ಜೋಳದ ಸಂಗಟಿ, ಜವಾರಿ ಕೋಳಿ ಸಾರು. ಬಿಸಿ ರೊಟ್ಟಿ ಜೊತೆ ಕುರಿ ಮಾಂಸದ ಸಾರು, ತೆಳ್ಳಗೆ, ಒಣಕೊಬ್ಬರಿ-ಗಸಗಸೆ ಹಾಕಿದ್ದು. ಕುರಿ ಸಾಕುವವರು ಈ ಮೂರೂ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ನಮ್ಮ ಕಡೆ ಮುಸ್ಲಿಮರ ಮದುವೆಗಳಲ್ಲಿ ಬಗಾರಾ ಅನ್ನ, ದಾಲ್ಚಾ. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರುಗಳಲ್ಲಿ ಅದು ಈಗ ಎಲ್ಲರ ಮನೆಯ ಹಬ್ಬದಡುಗೆಯೂ ಆಗಿದೆ. ಮಾಂಸದೂಟ ಬೇಕಾದರೆ ಮನೆಯವರನ್ನು ಮೊದಲೇ ಕೇಳಿ. ಕೆಲವರ ಮನೆಯಲ್ಲಿ ಮಾಡುವುದಿಲ್ಲ, ಮಾಡುವವರೂ ಸೋಮವಾರ, ಶನಿವಾರ ಅಂತ ವಾರ ಹಿಡಿದಿರುತ್ತಾರೆ.

ಗಂಗಾವತಿ_ಸೋನಾ

ಯಾರೂ ಗವಿಮಠದ ದಾಸೋಹ ಹೇಳಲೇ ಇಲ್ಲವಲ್ಲ! ಜನವರಿಯಲ್ಲಿ ಕೊಪ್ಪಳಕ್ಕೆ ಬಂದು ಗವಿಸಿದ್ಧೇಶ್ವರ ಜಾತ್ರೆ ಬಿಡುವುದುಂಟೇ?

ಬನದ ಹುಣ್ಣಿಮೆ ಕಳೆದು ಬಿದಿಗೆಯಂದು ತೇರು. ತೇರು ಮುಗಿದರೂ ಮಹಾದಾಸೋಹ ಅಮಾವಾಸ್ಯೆವರೆಗೆ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ವಾರಗಟ್ಟಲೆ ಮೊದಲೇ ರೊಟ್ಟಿ ಬಡಿಯಲು ಕೂರುತ್ತಾರೆ. ಆಮೇಲೆ ಟ್ರ್ಯಾಕ್ಟರ್‌ನಲ್ಲಿ, ಎತ್ತಿನ ಬಂಡಿಯಲ್ಲಿ, ಮೆರವಣಿಗೆಯಲ್ಲಿ ಲಕ್ಷಗಟ್ಟಲೆ ರೊಟ್ಟಿ ಮಠಕ್ಕೆ ಬರುತ್ತದೆ. ಮಾದಲಿ ಬರುತ್ತದೆ, ಕಾಳು ಬರುತ್ತದೆ, ಸೌದೆ ಬರುತ್ತದೆ. ಒಂದು ದಿನ ಭಕ್ತರೆಲ್ಲ ಸೇರಿ ಲಕ್ಷಗಟ್ಟಲೆ ಮಿರ್ಚಿ ಕರಿದು ಬಡಿಸುತ್ತಾರೆ. ಯಾರು, ಎಲ್ಲಿಯವರು ಅಂತ ಕೇಳುವುದಿಲ್ಲ. ಬಂದವರಿಗೆಲ್ಲ ಊಟ.

ಹೊಸಪೇಟೆ_ಹಾದಿ

ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಅಷ್ಟು ಜನಜಂಗುಳಿಯಲ್ಲಿ ಬೇಡ ಅಂತ ನನ್ನ ಅನಿಸಿಕೆ. ತೇರಿನ ದಿನವಂತೂ ಕಾಲಿಡಲು ಜಾಗ ಇರುವುದಿಲ್ಲ.

ಗಂಗಾವತಿ_ಸೋನಾ

ತೇರಿನ ದಿನ ಬೇಡ, ಒಪ್ಪುತ್ತೇನೆ. ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಸಾಲು ಬೇಗ ಸಾಗುತ್ತದೆ. ಹಿರಿಯರಿಗೆ ಕೂರಿಸಿ ಬಡಿಸುವ ಸ್ವಯಂಸೇವಕರು ಇರುತ್ತಾರೆ. ಅಕ್ಕಾರೆ, ಒಂದು ವಿಷಯ ನೆನಪಿಡಿ. ಅದು ರುಚಿ ನೋಡುವ ಮೇಳ ಅಲ್ಲ. ಬಡವರ ಮನೆಯಿಂದಲೂ ಹತ್ತು ರೊಟ್ಟಿ ಹೋಗಿರುತ್ತದೆ. ಎಷ್ಟು ಬೇಕೋ ಅಷ್ಟೇ ಹಾಕಿಸಿಕೊಳ್ಳಿ, ಒಂದು ಚೂರೂ ಬಿಡಬೇಡಿ. ಕೈಲಾದರೆ ಸ್ವಲ್ಪ ಹೊತ್ತು ಬಡಿಸಲು ನಿಲ್ಲಿ. ಮಕ್ಕಳಿಗೂ ಖುಷಿಯಾಗುತ್ತದೆ.

ಕಬ್ಬಿನ_ಹಾದಿ

ಖಂಡಿತ ಹೋಗುತ್ತೇವೆ. ಈಗ ಕೇಳಲು ಸ್ವಲ್ಪ ಸಂಕೋಚ. ಯಾರದಾದರೂ ಮನೆಯಲ್ಲಿ ಊಟ ಮಾಡಿದರೆ ದುಡ್ಡು ಕೊಡಬೇಕಾ? ಕೊಟ್ಟರೆ ಅವಮಾನ ಅಂದುಕೊಳ್ಳುತ್ತಾರಾ?

ಎರೆಹೊಲ

ನಮ್ಮ ಕಡೆ ಉಣ್ಣಿಸಿ ದುಡ್ಡು ಇಸಿದುಕೊಳ್ಳುವುದು ಕಷ್ಟ ಅಕ್ಕಾರೆ. ಹಣ್ಣು ತನ್ನಿ, ಮಕ್ಕಳ ಕೈಗೆ ಏನಾದರೂ ಕೊಡಿ, ಸಾಕು.

ರೊಟ್ಟಿಬುಟ್ಟಿ

ಅಣ್ಣಾರೆ, ನಿಮ್ಮ ಮಾತಿಗೆ ಅಡ್ಡ ಬರುತ್ತಿದ್ದೇನೆ, ಸಿಟ್ಟಾಗಬೇಡಿ. ಬೇಡ ಅನ್ನುವುದು ಗಂಡಸರು. ಒಲೆ ಮುಂದೆ ಕೂರುವವರು ನಾವು.

ಐದು ಮಂದಿ ಬಂದರೆ ಮನೆಯವರದೂ ಸೇರಿ ಇಪ್ಪತ್ತೈದು-ಮೂವತ್ತು ರೊಟ್ಟಿ. ಪ್ರತಿಯೊಂದನ್ನೂ ಬಡಿದು, ನೀರು ಸವರಿ, ತಿರುವಿ, ಬೆಂಕಿಗೆ ಒಡ್ಡಬೇಕು. ಎರಡು ತಾಸು ಹೊಗೆಯಲ್ಲಿ ಕೂತಿರುತ್ತೇವೆ. ಆ ದಿನ ಕೂಲಿಗೆ ಹೋಗುವುದೂ ತಪ್ಪುತ್ತದೆ. ಪೇಟೆಯಲ್ಲಿ ಪಿಜ್ಜಾ ತಿಂದು ಬೆಲೆ ಕೇಳದೆ ಕೊಡುವವರು ಹಳ್ಳಿಯಲ್ಲಿ ಉಂಡು ಬಾಯಿಮಾತಿನಲ್ಲಿ ಹೊಗಳಿ ಹೋದರೆ ನನಗೆ ಮನಸ್ಸಿಗೆ ಬಹಳ ನೋವಾಗುತ್ತದೆ. ನೆಂಟರು ಬೇರೆ, ಚರಗ ಬೇರೆ, ದಾಸೋಹ ಬೇರೆ. ಅಲ್ಲಿ ದುಡ್ಡಿನ ಮಾತು ಬರಬಾರದು. ಊಟಕ್ಕೆಂದು ಊರು ಬಿಟ್ಟು ಬಂದವರು ಮಾತ್ರ ಒಬ್ಬರಿಗೆ ಇಷ್ಟು ಅಂತ ಮೊದಲೇ ಮಾತಾಡಿ ಕೊಡಬೇಕು. ಅಡುಗೆ ಮಾಡಿದ ಹೆಣ್ಣುಮಗಳ ಕೈಗೇ ಕೊಡಬೇಕು.

ಎರೆಹೊಲ

ಸರಿಯಾಗಿ ಹೇಳಿದೆ ತಂಗಿ. ನನ್ನ ಹೆಂಡತಿಗೂ ಓದಿ ತೋರಿಸಿದೆ. ಅವಳು ನಿನ್ನ ಪರ.

ಅಕ್ಕಾರೆ, ಹಾಗೇ ಮಾಡಿ. ಹೊಲ ತೋರಿಸಲು, ಸೀತನಿ ಸುಡಲು ನನ್ನ ಜೊತೆ ಬನ್ನಿ. ಊಟ ತಂಗಿಯ ಮನೆಯಲ್ಲಿ.

ಕಬ್ಬಿನ_ಹಾದಿ

ಹೋಗಿ ಬಂದೆವು. ಏನೇನು ತಿಂದೆವು ಅಂತ ಬರೆಯಲೇಬೇಕು. ಬೇರೆಯವರಿಗೂ ಉಪಯೋಗವಾಗಲಿ.

ಕೊಪ್ಪಳದಲ್ಲಿ ಇಳಿದು ಮೊದಲು ಮಂಡಾಳು-ಮಿರ್ಚಿ. ಮಕ್ಕಳು ಎರಡನೇ ತಟ್ಟೆ ಕೇಳಿದರು. ಪುಠಾಣಿ ಪುಡಿಯಿಂದ ಬರುವ ಆ ರುಚಿ ನಮ್ಮ ಕಡೆಯ ಪುರಿಯಲ್ಲಿ ನಾನು ಕಂಡಿಲ್ಲ. ಆಮೇಲೆ ಗವಿಮಠ. ಊಟದ ಸಾಲಿನಲ್ಲಿ ಕೂತಾಗ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರು ಅತ್ತೆಗೆ ರೊಟ್ಟಿ ಮುರಿದು ಮಾದಲಿ ಹೇಗೆ ಕಲಸಿಕೊಳ್ಳಬೇಕು ಅಂತ ತೋರಿಸಿದರು. ಗೋಧಿ ರೊಟ್ಟಿ ಮಾಡಿ ಪುಡಿ ಮಾಡಿ, ಬೆಲ್ಲ, ಪುಠಾಣಿ, ಕೊಬ್ಬರಿ, ಏಲಕ್ಕಿ ಸೇರಿಸಿ ಮಾಡುವ ಮಾದಲಿಗೆ ಹಾಲು ಹಾಕಿಕೊಂಡು ತಿಂದೆವು. ಅತ್ತೆ ಒಂದು ಚಮಚಕ್ಕೆ ನಿಲ್ಲಿಸಿದರು, ಬಹಳ ಕಷ್ಟಪಟ್ಟು. ಗಂಡ ಮತ್ತು ದೊಡ್ಡ ಮಗಳು ಒಂದು ತಾಸು ನೀರು ಬಡಿಸಿದರು.

ಮರುದಿನ ಇಟಗಿ, ಆಮೇಲೆ ಎರೆಹೊಲ ಅಣ್ಣನ ಹೊಲ. ಸೀತನಿ ಬಗ್ಗೆ ಅವರು ಬರೆದದ್ದು ಕಮ್ಮಿಯೇ. ಬಿಸಿ ಕಾಳಿಗೆ ಹಾಲಿನ ಸಿಹಿ, ಸ್ವಲ್ಪ ಹೊಗೆಯ ವಾಸನೆ, ಜೊತೆಗೆ ಬೆಲ್ಲ. ಅಂಗೈ ಸುಡುತ್ತದೆ, ಆದರೂ ನಿಲ್ಲಿಸಲು ಆಗುವುದಿಲ್ಲ. ಚಿಕ್ಕವನು ಮುಖವೆಲ್ಲ ಮಸಿ ಮಾಡಿಕೊಂಡ.

ರೊಟ್ಟಿಬುಟ್ಟಿ ಅಕ್ಕನ ಮನೆಯ ಊಟಕ್ಕೆ ನಾನು ಏನು ಹೇಳಲಿ. ಒಲೆ ಪಕ್ಕವೇ ಕೂರಿಸಿದರು. ಒಬ್ಬರ ತಟ್ಟೆಗೆ ಒಂದೇ ರೊಟ್ಟಿ, ಅದು ಮುಗಿಯುವ ಹೊತ್ತಿಗೆ ಇನ್ನೊಂದು ಉಬ್ಬಿ ಬರುತ್ತಿತ್ತು. ಮೇಲೆ ಬೆಣ್ಣೆ. ಹೆಸರುಕಾಳು, ಎಣ್ಣೆಗಾಯಿ, ಒಣ ಕಡಲೆ ಸೊಪ್ಪಿನ ಪಲ್ಯ, ನಿನ್ನೆಯ ಪುಂಡಿಪಲ್ಯ, ಝುಣಕ, ಅಗಸೆ ಚಟ್ನಿ, ಕೊನೆಗೆ ಜೋಳದ ನುಚ್ಚು ಮತ್ತು ಮಜ್ಜಿಗೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಒಣ ಸೊಪ್ಪಿನ ಪಲ್ಯ. ಹಕ್ಕರಕಿ ಸೊಪ್ಪು ಹಸಿಯಾಗಿ ತಿನ್ನುವುದು ಮಾತ್ರ ನಾಲಿಗೆಗೆ ಒಗ್ಗಲಿಲ್ಲ, ಅತ್ತೆ ನನ್ನದನ್ನೂ ತಿಂದರು. ಅವರು ಊಟ ಮುಗಿಸಿ ಹೇಳಿದ್ದು ಒಂದೇ ಮಾತು: ಇದನ್ನು ತಿಂದರೆ ಸಂಜೆವರೆಗೂ ಗೇಯಬಹುದು. ದುಡ್ಡು ಮೊದಲೇ ಮಾತಾಡಿದ್ದರಿಂದ ಇಬ್ಬರಿಗೂ ಮುಜುಗರ ಆಗಲಿಲ್ಲ.

ಬರುವಾಗ ಖಡಕ್ ರೊಟ್ಟಿಯ ಎರಡು ಕಟ್ಟು ತಂದಿದ್ದೇವೆ. ಹೇಗೆ ಇಡಬೇಕು? ಮನೆಯಲ್ಲೇ ರೊಟ್ಟಿ ಮಾಡಲು ಜೋಳ ಯಾವಾಗ ಕೊಳ್ಳಬೇಕು?

ರೊಟ್ಟಿಬುಟ್ಟಿ

ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಇಡಬೇಡಿ ಅಕ್ಕ, ಬೆವರುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಡಿ. ಫ್ರಿಜ್ ಬೇಡ. ಮೆತ್ತಗಾದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿ, ಮತ್ತೆ ಖಡಕ್ ಆಗುತ್ತದೆ. ಅತ್ತೆಯವರಿಗೆ ಹಲ್ಲಿಗೆ ಕಷ್ಟವಾದರೆ ಚೂರು ಮಾಡಿ ಬಿಸಿ ಬೇಳೆಸಾರಿನಲ್ಲಿ ನೆನೆಸಿ ಕೊಡಿ.

ಎರೆಹೊಲ

ಹೊಸ ಜೋಳದ ರಾಶಿ (ಒಕ್ಕಣೆ) ಆಗುವುದು ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ. ಆಗ ಕೊಳ್ಳಿ. ಕಾಳು ಬೆಳ್ಳಗೆ, ದುಂಡಗೆ, ಹೊಳಪಾಗಿ ಇರಬೇಕು. ಕಪ್ಪು ಚುಕ್ಕಿ ಇದ್ದರೆ ಮಳೆಗೆ ಸಿಕ್ಕ ಜೋಳ, ಬಿಡಿ. ಒಂದು ದಿನ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಒಣಗಿಸಿ ನಡುನಡುವೆ ಇಟ್ಟರೆ ಹುಳ ಬೀಳುವುದಿಲ್ಲ. ಹಿಟ್ಟು ಮಾತ್ರ ವಾರಕ್ಕೆ ಆಗುವಷ್ಟೇ ಬೀಸಿಸಿ, ಜಾಸ್ತಿ ಬೇಡ. ನಿಮ್ಮ ಊರಿನ ಗಿರಣಿಯಲ್ಲಿ ರಾಗಿ ಬೀಸಿದ ಹಿಂದೆಯೇ ನಿಮ್ಮ ಜೋಳ ಹಾಕಿದರೆ ಮೊದಲು ಬರುವ ಹಿಟ್ಟು ಕಂದಾಗಿರುತ್ತದೆ. ಅದನ್ನು ಬೇರೆ ಇಟ್ಟು ಅಂಬಲಿಗೆ ಬಳಸಿ, ಆಮೇಲಿನದನ್ನು ರೊಟ್ಟಿಗೆ ಇಟ್ಟುಕೊಳ್ಳಿ. ನಮ್ಮ ಹೊಲದ ರಾಶಿ ಆದಮೇಲೆ ಇಲ್ಲೇ ತಿಳಿಸುತ್ತೇನೆ. ಬೇಕಾದಷ್ಟು ಚೀಲ ಹೇಳಿ, ಬಸ್ಸಿಗೆ ಹಾಕಿಸುತ್ತೇನೆ.